ಮಂಗರಸನ ಸೂಪಶಾಸ್ತ್ರವೂ ಇಂದಿನ ಹಬ್ಬದ ಪಂಕ್ತಿಯೂ

ದಶಲಕ್ಷಣ ಪರ್ವ ಮುಗಿದು ದೀಪಾವಳಿ ಸಮೀಪಿಸುತ್ತಿದ್ದಂತೆ ನಿಯತಕಾಲಿಕಗಳ ವಿಶೇಷಾಂಕಗಳಲ್ಲಿ ಹಬ್ಬದ ಅಡುಗೆಯ ಪುಟಗಳು ಕಾಣಿಸಿಕೊಳ್ಳುತ್ತವೆ. ಮನೆಗೆ ಬರುವ ಬಂಧುಮಿತ್ರರಿಗೆ ಏನನ್ನು ಬಡಿಸಬೇಕು, ಯಾವ ಪಾನೀಯವನ್ನು ಮುಂದಿಡಬೇಕು ಎಂಬ ಗೃಹಿಣಿಯ ಚಿಂತೆಗೆ ಅಲ್ಲಿ ಉತ್ತರವಿರುತ್ತದೆ. ಈಚಿನ ದಶಕಗಳಲ್ಲಿ ಇಂತಹ ಪುಟಗಳಿಗೆ ‘ಜೈನ ಶೈಲಿ’ ಎಂಬ ತಲೆಬರಹದ ಅಡುಗೆಗಳೂ ಸೇರಿಕೊಂಡಿವೆ. ಸಮಾಜದ ಮನೆಗಳಲ್ಲಿ ಅವುಗಳಿಗೆ ಆದರವೂ ಇದೆ. ಆದರೆ ಅವನ್ನು ಕತ್ತರಿಸಿ ಅಡುಗೆಮನೆಯ ಗೋಡೆಗೆ ಅಂಟಿಸಿಕೊಳ್ಳುವವರಲ್ಲಿ ಎಷ್ಟು ಮಂದಿಗೆ, ಕನ್ನಡದಲ್ಲಿ ಅಡುಗೆಯನ್ನೇ ವಸ್ತುವಾಗಿಸಿಕೊಂಡು ಪದ್ಯಗ್ರಂಥವೊಂದನ್ನು ರಚಿಸಿದವನು ಜೈನ ಕವಿಯೆಂಬ ಸಂಗತಿ ನೆನಪಿಗೆ ಬಂದೀತು? ಮೂರನೆಯ ಮಂಗರಸನ ‘ಸೂಪಶಾಸ್ತ್ರ’ವೇ ಆ ಗ್ರಂಥ. ಅದನ್ನು ಇಂದಿನ ಹಬ್ಬದ ಪಂಕ್ತಿಯ ಪಕ್ಕದಲ್ಲಿರಿಸಿ ನೋಡಿದರೆ ಎರಡರ ಗುಣದೋಷಗಳೂ ಸ್ಪಷ್ಟವಾಗುತ್ತವೆ.

ಮಂಗರಸನು 16ನೆಯ ಶತಮಾನದ ಆದಿಭಾಗದವನು. ಚೆಂಗಾಳ್ವರ ಮಂತ್ರಿಮನೆತನದಲ್ಲಿ ಹುಟ್ಟಿ, ಇಂದಿನ ಹುಣಸೂರು ತಾಲ್ಲೂಕಿನ ಕಲ್ಲಹಳ್ಳಿಯಲ್ಲಿ ಪ್ರಭುವಾಗಿದ್ದವನು. ‘ಜಯನೃಪಕಾವ್ಯ’, ‘ಪ್ರಭಂಜನಚರಿತೆ’, ‘ಶ್ರೀಪಾಲಚರಿತೆ’, ‘ನೇಮಿಜಿನೇಶಸಂಗತಿ’, ‘ಸಮ್ಯಕ್ತ್ವಕೌಮುದಿ’ ಇವು ಅವನ ಇತರ ಕೃತಿಗಳು. ಈ ಧರ್ಮಕಾವ್ಯಗಳ ಸಾಲಿನಲ್ಲಿ ಸೂಪಶಾಸ್ತ್ರವು ಅಚ್ಚರಿಯ ಸೇರ್ಪಡೆಯಂತೆ ಕಾಣುತ್ತದೆ. ಸಾಹಿತ್ಯ ಚರಿತ್ರೆಗಳು ಅದನ್ನು ಶಾಸ್ತ್ರಗ್ರಂಥಗಳ ಪಟ್ಟಿಗೆ ಸೇರಿಸಿ ಒಂದೆರಡು ವಾಕ್ಯಗಳಲ್ಲಿ ಮುಗಿಸಿಬಿಡುವುದೇ ವಾಡಿಕೆ. ಕವಿಯೊಬ್ಬನು ಕಾವ್ಯಕ್ಕೆ ಬಳಸುವ ವಾರ್ಧಕ ಷಟ್ಪದಿಯಲ್ಲಿಯೇ ರೊಟ್ಟಿ, ಪಾಯಸ, ಪಾನಕಗಳನ್ನು ವರ್ಣಿಸಿದ್ದಾನೆ ಎಂಬುದರಲ್ಲಿ ಅವನ ನಿಲುವೇ ಅಡಗಿದೆ. ಅಡುಗೆಯು ಅವನಿಗೆ ಕೀಳು ವಿಷಯವಾಗಿರಲಿಲ್ಲ.

ಕರ್ನಾಟಕದಲ್ಲಿ ಅಡುಗೆಯ ವಿಚಾರ ಬರೆದವರಲ್ಲಿ ಅವನು ಮೊದಲಿಗನೇನಲ್ಲ. ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ, ಎಂದರೆ 1025ರ ಸುಮಾರಿನಲ್ಲಿ, ಪಾಕವಿಚಾರಕ್ಕೆ ಒಂದು ಭಾಗವಿದೆ. ಕಲ್ಯಾಣದ ಚಾಲುಕ್ಯ ಅರಸ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಸಂಸ್ಕೃತದ ‘ಮಾನಸೋಲ್ಲಾಸ’ವು ರಾಜಭೋಜನವನ್ನು ವಿಸ್ತಾರವಾಗಿ ವರ್ಣಿಸುತ್ತದೆ, ಅಲ್ಲಿ ಮಾಂಸಪಾಕಗಳಿಗೂ ದೊಡ್ಡ ಸ್ಥಾನವುಂಟು. ಅದಕ್ಕೂ ಹಿಂದೆ, ಸುಮಾರು 920ರದೆಂದು ಹೇಳಲಾಗುವ ‘ವಡ್ಡಾರಾಧನೆ’ಯಲ್ಲಿ ಮನೆಗೆ ಬಂದ ಬ್ರಹ್ಮಚಾರಿಗೆ ಬಡಿಸಿದ ತಿನಿಸುಗಳ ನಡುವೆ ಇಡ್ಡಲಿಗೆಯ ಹೆಸರು ಬರುತ್ತದೆಂಬುದನ್ನು ಆಹಾರ ಇತಿಹಾಸಕಾರ ಕೆ. ಟಿ. ಅಚ್ಚಯ ಅವರು ಎತ್ತಿ ತೋರಿಸಿದ್ದಾರೆ. ಇಡ್ಡಲಿಗೆಯು ನಮ್ಮ ಸಾಹಿತ್ಯವನ್ನು ಪ್ರವೇಶಿಸಿದ್ದು ಅತಿಥಿಸತ್ಕಾರದ ಸಂದರ್ಭದಲ್ಲಿ, ಅದೂ ಜೈನ ಕಥೆಯೊಂದರಲ್ಲಿ, ಎಂಬುದು ಗಮನಿಸತಕ್ಕ ಮಾತು.

ಈ ಪರಂಪರೆಯಲ್ಲಿ ಮಂಗರಸನ ವೈಶಿಷ್ಟ್ಯವೆಂದರೆ, ಅವನ ಗ್ರಂಥ ಪೂರ್ಣವಾಗಿ ಸಸ್ಯಾಹಾರದ್ದು. ಅವನೂ ಒಬ್ಬ ಪ್ರಭು. ಅವನ ಮನೆಯ ಪಂಕ್ತಿಯಲ್ಲಿ ಬಂಧುಗಳು, ಅಧಿಕಾರಿಗಳು, ಪರವೂರಿನ ಅತಿಥಿಗಳು ಕುಳಿತಿದ್ದಿರಬೇಕು. ಸೋಮೇಶ್ವರನಿಗಿದ್ದ ಸಾಮಗ್ರಿಗಳಲ್ಲಿ ಒಂದು ದೊಡ್ಡ ಭಾಗವನ್ನು ಮುಟ್ಟದೆಯೇ ಪ್ರಭುವಿನ ಪಂಕ್ತಿಗೆ ತಕ್ಕ ವೈಭವವನ್ನು ಅವನು ತೋರಿಸಬೇಕಿತ್ತು. ಹಿಟ್ಟಿನ ತಿಂಡಿಗಳು, ಪಾನೀಯಗಳು, ಪಾಯಸಗಳು, ಅನ್ನದ ಬಗೆಗಳು, ಅನಂತರ ಬದನೆ, ಹಲಸು, ಬಾಳೆ ಮುಂತಾದ ಕಾಯಿಪಲ್ಯಗಳು, ಹೀಗೆ ಅವನ ವಿಷಯ ಹರಡಿಕೊಂಡಿದೆ. ಒಂದೇ ಕಾಯನ್ನು ಹತ್ತಾರು ಬಗೆಯಾಗಿ ಪಾಕಗೊಳಿಸುವುದು ಅವನ ಕ್ರಮ. ಸಾಮಗ್ರಿ ಕಡಿಮೆಯಾದಷ್ಟೂ ಕೈಚಳಕ ಹೆಚ್ಚಬೇಕೆಂಬುದನ್ನು ಅವನು ಬಲ್ಲ. ಮುಚ್ಚಳರೊಟ್ಟಿಯನ್ನೇ ನೋಡಬಹುದು. ಕಾವಲಿಯ ಮೇಲಿಟ್ಟ ರೊಟ್ಟಿಗೆ ಮುಚ್ಚಳ ಹಾಕಿ, ಕೆಳಗೂ ಮೇಲೂ ಕೆಂಡವಿರಿಸಿ ಬೇಯಿಸುವ ರೊಟ್ಟಿ ಅದು. ಗೋಧಿಹಿಟ್ಟು, ತುಪ್ಪ ಮತ್ತು ಬೆಂಕಿಯ ಹದ, ಇಷ್ಟರಿಂದಲೇ ಬೇರೊಂದು ರುಚಿ ಹುಟ್ಟುತ್ತದೆ. ಅವನ ಗ್ರಂಥದಲ್ಲಿ ಬರುವ ಮಂಡಿಗೆಯು ಬೆಳಗಾವಿಯ ಕಡೆಯ ಮದುವೆಗಳಲ್ಲಿ ಇಂದಿಗೂ ಉಳಿದಿದೆ. ಬೋರಲು ಹಾಕಿದ ಪಾತ್ರೆಯ ಬಿಸಿಯ ಮೇಲೆ ಹಾಳೆಯಷ್ಟು ತೆಳುವಾದ ಕಣಕವನ್ನು ಹರಡಿ, ಸಕ್ಕರೆ ಕರಗಿ ಒಳಗೇ ಹಿಡಿಯುವಂತೆ ಬೇಯಿಸಿ ಮಡಿಸುವ ಆ ಕೆಲಸವನ್ನು ಕಣ್ಣಾರೆ ಕಂಡವರಿಗೆ, ಅದನ್ನು ಪುಸ್ತಕದಿಂದ ಕಲಿಯಲಾಗದೆಂಬುದು ತಿಳಿದಿರುತ್ತದೆ.

ಇಂದಿನ ‘ಜೈನ ಶೈಲಿ’ಯ ಪುಟಗಳ ದಾರಿ ಬೇರೆ. ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆಗಳಿಂದಲೇ ಹುಟ್ಟಿದ ಪದಾರ್ಥವೊಂದನ್ನು ಎತ್ತಿಕೊಂಡು, ಆಲೂಗಡ್ಡೆಯ ಸ್ಥಾನದಲ್ಲಿ ಬಾಳೆಕಾಯಿಯನ್ನೂ ಈರುಳ್ಳಿಯ ಸ್ಥಾನದಲ್ಲಿ ಇಂಗು, ಎಲೆಕೋಸುಗಳನ್ನೂ ಇರಿಸಿ, ಮೂಲದ ರುಚಿಯನ್ನು ಆದಷ್ಟು ಮಟ್ಟಿಗೆ ನೆನಪಿಸುವಂತೆ ಮಾಡುವುದೇ ಅಲ್ಲಿನ ವಿಧಾನ. ಜೈನ ಪಾವ್ ಭಾಜಿ, ಜೈನ ಸಮೋಸ, ಜೈನ ಪಿಜ್ಜಾ ಎಂಬ ಹೆಸರುಗಳೇ ಇದನ್ನು ಹೇಳುತ್ತವೆ. ಇದರಲ್ಲಿ ಪಾಪವಿದೆಯೆಂದು ಹೇಳುವಂತಿಲ್ಲ. ಶಾಲೆಯಲ್ಲಿ ಗೆಳೆಯರ ಡಬ್ಬಿಯನ್ನು ನೋಡಿ ಬಂದ ಮಗುವಿಗೆ ತಾಯಿಯು ಮನೆಯಲ್ಲಿಯೇ ಅಂಥದೊಂದನ್ನು ಮಾಡಿಕೊಡುವುದು ವಿವೇಕದ ಕೆಲಸವೇ. ಆದರೆ ಹಬ್ಬದ ದಿನ, ಮನೆಗೆ ಬಂದವರ ಮುಂದೆ, ಬಿಟ್ಟ ವಸ್ತುವಿನ ನೆರಳನ್ನೇ ಮುಖ್ಯ ಭಕ್ಷ್ಯವಾಗಿ ಬಡಿಸುವುದು ಬೇರೆ ಮಾತು. ತ್ಯಾಗವೆಂದರೆ ಕೊರತೆ, ಆ ಕೊರತೆಯನ್ನು ಹೇಗೋ ಮುಚ್ಚಿಕೊಂಡಿದ್ದೇವೆ ಎಂಬ ಒಪ್ಪಿಗೆ ಅದರಲ್ಲಿ ತಾನಾಗಿ ಸೇರಿಕೊಳ್ಳುತ್ತದೆ. ಮಂಗರಸನ ಮಂಡಿಗೆಯು ಯಾವುದರ ಬದಲಿಯೂ ಅಲ್ಲ. ಕರಾವಳಿಯ ಮನೆಗಳ ಗುಜ್ಜೆಯ ಪಲ್ಯ, ಹಲಸಿನೆಲೆಯ ಕೊಟ್ಟೆಯಲ್ಲಿ ಬೆಂದ ಕಡುಬು, ಉತ್ತರ ಕರ್ನಾಟಕದ ಹೋಳಿಗೆ ಮತ್ತು ಕಟ್ಟಿನ ಸಾರು ಇವು ಸಹ ಬದಲಿಗಳಲ್ಲ. ‘ಜೈನ’ ಎಂಬ ವಿಶೇಷಣ ಅವುಗಳಿಗೆ ಎಂದೂ ಬೇಕಾಗಲಿಲ್ಲ. ಈಚೆಗೆ ಜೈನರದೇ ಮದುವೆಯಲ್ಲಿ, ಭೋಜನಶಾಲೆಯ ಒಂದು ಮೂಲೆಯಲ್ಲಿ ‘ಜೈನ ಕೌಂಟರ್’ ಎಂಬ ಫಲಕ ತೂಗುವುದುಂಟು. ಉಳಿದ ಕೌಂಟರುಗಳು ಯಾರವು ಎಂದು ಯಾರಾದರೂ ಕೇಳಿದರೆ ಆತಿಥೇಯರು ಏನೆಂದಾರು?

ಇಲ್ಲಿಗೆ ಮಂಗರಸನ ಪಕ್ಷದಲ್ಲಿಯೇ ವಾದ ನಿಂತರೆ ಅದು ವಿಮರ್ಶೆಯಾಗದು. ಅವನ ಗ್ರಂಥದಲ್ಲಿ ಬದನೆಕಾಯಿಗೆ ದೊರೆತಿರುವ ಸ್ಥಾನ ಚಿಕ್ಕದಲ್ಲ. ಇಂದಿನ ಅನೇಕ ಶ್ರಾವಕರ ಮನೆಗಳಲ್ಲಿ ಬದನೆಯು ಬಹುಬೀಜವೆಂದು ವರ್ಜ್ಯ. 22 ಅಭಕ್ಷ್ಯಗಳ ಪಟ್ಟಿಯಲ್ಲಿ ಅದನ್ನು ಹೆಸರಿಸಿಯೇ ಹೇಳುವ ಪಾಠಗಳುಂಟು. ಹಾಗಾದರೆ ಕಲ್ಲಹಳ್ಳಿಯ ಪ್ರಭು ತಪ್ಪಿದನೆ? ಅಥವಾ ಅವನ ಹೆಸರನ್ನು ಹಿಡಿದು ಬದನೆಯನ್ನು ಮತ್ತೆ ಒಳಗೆ ಬಿಟ್ಟುಕೊಳ್ಳಬಹುದೆ? ಎರಡೂ ಅವಸರದ ತೀರ್ಮಾನಗಳು. ಶ್ರಾವಕಾಚಾರದ ಗ್ರಂಥಗಳೆಲ್ಲ ಒಂದೇ ಪಟ್ಟಿಯನ್ನು ಕೊಡುವುದಿಲ್ಲ. ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಮದ್ಯ, ಮಾಂಸ, ಮಧುಗಳ ತ್ಯಾಗವನ್ನು ಐದು ಅಣುವ್ರತಗಳೊಡನೆ ಸೇರಿಸಿ ಎಂಟು ಮೂಲಗುಣಗಳೆನ್ನುತ್ತದೆ. ಅನಂತರ ಭೋಗೋಪಭೋಗ ಪರಿಮಾಣದ ಸಂದರ್ಭದಲ್ಲಿ, ಫಲ ಅಲ್ಪವಾಗಿ ಘಾತ ಬಹಳವಾಗುವ ವಸ್ತುಗಳನ್ನು ಬಿಡಬೇಕೆಂದು ಮೂಲಂಗಿ, ಹಸಿಶುಂಠಿ, ಬೆಣ್ಣೆ, ಬೇವಿನ ಹೂ, ಕೇದಗೆ ಇವುಗಳನ್ನು ಹೆಸರಿಸುತ್ತದೆ. ಆಚಾರ್ಯರು ಅಲ್ಲಿ ನೀಡುತ್ತಿರುವುದು ಒಂದು ತತ್ತ್ವ. ನಾಲಗೆಗೆ ದೊರೆಯುವುದೆಷ್ಟು, ಅದಕ್ಕಾಗಿ ಅಳಿಯುವ ಜೀವಗಳೆಷ್ಟು ಎಂಬ ಲೆಕ್ಕ ಅದು. ವರ್ತಕನಾದವನಿಗೆ ಈ ಜಮಾ-ಖರ್ಚು ಬೇಗ ಅರ್ಥವಾಗುತ್ತದೆ. ಕಾಲಕಾಲಕ್ಕೆ ಆ ತತ್ತ್ವದಿಂದ ಪಟ್ಟಿಗಳು ಬೆಳೆದಿವೆ. ಬೆಳೆದ ಪಟ್ಟಿಯನ್ನು ಒಪ್ಪಿ ವ್ರತ ಹಿಡಿದವನು ಅದನ್ನು ಪಾಲಿಸಬೇಕು. ಆದರೆ ಆ ಪಟ್ಟಿಯಿಂದ 16ನೆಯ ಶತಮಾನದ ಕವಿಯ ಸಮ್ಯಕ್ತ್ವವನ್ನು ಅಳೆಯುವುದು ನ್ಯಾಯವಲ್ಲ. ಸೂಪಶಾಸ್ತ್ರವು ಶ್ರಾವಕಾಚಾರದ ಗ್ರಂಥವೂ ಅಲ್ಲ.

ಪಟ್ಟಿಯ ತೊಡಕು ಇಂದಿನ ಪುಟಗಳಲ್ಲಿ ಇನ್ನೂ ಹೆಚ್ಚು. ಅವುಗಳ ದೃಷ್ಟಿಯಲ್ಲಿ ಮೂರು ವಸ್ತುಗಳು ಇಲ್ಲದಿದ್ದರೆ ಅಡುಗೆಯು ಜೈನ. ಆದುದರಿಂದಲೇ ‘ಜೈನ ಮೊಸರುವಡೆ’ಯು ನಿಸ್ಸಂಕೋಚವಾಗಿ ಅಚ್ಚಾಗುತ್ತದೆ. ಕಾಯಿಸದ ಗೋರಸದೊಡನೆ ದ್ವಿದಳ ಧಾನ್ಯವನ್ನು ಬೆರೆಸುವುದನ್ನು 13ನೆಯ ಶತಮಾನದ ಪಂಡಿತ ಆಶಾಧರರು ‘ಸಾಗಾರಧರ್ಮಾಮೃತ’ದಲ್ಲಿ ನಿಷೇಧಿಸಿದ್ದಾರೆ. ಉದ್ದಿನ ವಡೆಯನ್ನು ಹಾಗೆ ಹೆಪ್ಪುಗಟ್ಟಿದ ಮೊಸರಿನಲ್ಲಿ ನೆನೆಹಾಕುವುದು ಆ ನಿಷೇಧದ ನಡುಮಧ್ಯದಲ್ಲಿಯೇ ಬರುತ್ತದೆ. ಈರುಳ್ಳಿ ಇಲ್ಲವೆಂಬುದು ಅದಕ್ಕೆ ಸಮಾಧಾನವಲ್ಲ. ಹಿಟ್ಟಿಗೆ ಮಳೆಗಾಲದಲ್ಲಿ 3 ದಿನ, ಬೇಸಗೆಯಲ್ಲಿ 5 ದಿನ, ಚಳಿಗಾಲದಲ್ಲಿ 7 ದಿನ ಎಂದು ಹಿರಿಯರು ಇರಿಸಿಕೊಂಡು ಬಂದ ಮರ್ಯಾದೆಯನ್ನು ಯಾವ ಪಾಕಪುಟವೂ ನೆನೆಯುವುದಿಲ್ಲ. ಅಂಗಡಿಯ ಪೊಟ್ಟಣದ ಮೇಲೆ ಅಚ್ಚಾದ ತಿಂಗಳುಗಳ ಅವಧಿಯೇ ಅಲ್ಲಿ ಸಾಕು.

ಪೊಟ್ಟಣದ ಹಸಿರು ಗುರುತಿನ ಬಗೆಗೂ ಒಂದು ಮಾತು ಹೇಳಬೇಕು. ಅದನ್ನು ಕಂಡೊಡನೆ ನಿಶ್ಚಿಂತರಾಗುವ ಮನೆಗಳು ಬಹಳ. ಸರ್ಕಾರದ ಲೇಬಲ್ ನಿಯಮಗಳಲ್ಲಿ ಮಾಂಸಾಹಾರ ಎಂಬುದರ ವ್ಯಾಖ್ಯೆಯಿಂದ ಹಾಲು, ಹಾಲಿನ ಪದಾರ್ಥಗಳ ಜೊತೆಗೆ ಜೇನು, ಜೇನುಮೇಣ, ಅರಗುಗಳನ್ನೂ ಹೊರಗಿಡಲಾಗಿದೆ. ಎಂದರೆ ಜೇನು ಸೇರಿದ ಮಿಠಾಯಿಗೂ ಹಸಿರು ಗುರುತು ಸಲ್ಲುತ್ತದೆ. ಮಧುತ್ಯಾಗವನ್ನು ಮೂಲಗುಣವೆಂದು ಪಾಲಿಸುವವನಿಗೆ ಆ ಗುರುತು ಪೂರ್ತಿ ಉತ್ತರ ಕೊಡುವುದಿಲ್ಲ. ಹಬ್ಬದ ಸಿಹಿಯ ಮೇಲೆ ಹೊಳೆಯುವ ಬೆಳ್ಳಿಯ ವರ್ಖಿನ ಕಥೆ ಇದಕ್ಕಿಂತ ಕಹಿ. ಪ್ರಾಣಿಯ ಚರ್ಮ, ಕರುಳುಗಳ ಪದರಗಳ ನಡುವೆ ಬೆಳ್ಳಿಯನ್ನಿಟ್ಟು ಬಡಿದು ಅದನ್ನು ತೆಳುಗೊಳಿಸುವುದೇ ಹಳೆಯ ರೂಢಿಯಾಗಿತ್ತು. ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವು 2016ರಲ್ಲಿ, ವರ್ಖ್ ತಯಾರಿಕೆಯ ಯಾವ ಹಂತದಲ್ಲಿಯೂ ಪ್ರಾಣಿಮೂಲದ ವಸ್ತುವನ್ನು ಬಳಸಬಾರದೆಂಬ ನಿಯಮವನ್ನು ಪ್ರಕಟಿಸಿತು. ಆದರೂ ಕೊಳ್ಳುವವನು ಕೇಳಿ ತಿಳಿದುಕೊಳ್ಳುವುದೇ ಲೇಸು. ಬೆಳ್ಳಿಯಿಲ್ಲದ ಲಾಡುವಿಗೆ ರುಚಿ ಕಡಿಮೆಯಾದುದನ್ನು ಇದುವರೆಗೆ ಯಾರೂ ಹೇಳಿಲ್ಲ.

ಪಾನೀಯಗಳ ವಿಚಾರ ಇನ್ನೂ ಸೂಕ್ಷ್ಮವಾದುದು. ಮಂಗರಸನು ಪಾನೀಯಗಳಿಗೆ ಪ್ರತ್ಯೇಕ ಸ್ಥಳವನ್ನು ಕೊಟ್ಟಿರುವುದು ಉಚಿತವಾಗಿದೆ. ಕನ್ನಡ ನಾಡಿನ ಸತ್ಕಾರ ಆರಂಭವಾಗುವುದೇ ನೀರು-ಬೆಲ್ಲದಿಂದ. ಬೆಲ್ಲ, ನಿಂಬೆ, ಏಲಕ್ಕಿ, ಮೆಣಸುಗಳ ಪಾನಕ. ಬೇಲದ ಹಣ್ಣಿನ ಪಾನಕ. ಜೀರಿಗೆ ಬೆರೆಸಿದ ನೀರುಮಜ್ಜಿಗೆ. ಇವುಗಳಲ್ಲಿ ಆಡಂಬರವಿಲ್ಲ, ಬಂದವರ ದಣಿವು ಆರುತ್ತದೆ. ಮಜ್ಜಿಗೆಗೆ ಹಸಿಶುಂಠಿಯನ್ನು ಜಜ್ಜಿ ಹಾಕುವ ರೂಢಿಯೊಂದೇ ವ್ರತಿಕರಿಗೆ ಅಡ್ಡಿ; ಸಮಂತಭದ್ರರು ಹೇಳಿರುವುದು ಹಸಿಶುಂಠಿಯನ್ನು, ಒಣಶುಂಠಿಯ ಪುಡಿ ಅದರ ಕೆಲಸವನ್ನು ನಡೆಸಿಕೊಡುತ್ತದೆ. ಪಾನಕಗಳಿಗೂ ಸಿಹಿಗಳಿಗೂ ಕೇದಗೆಯ ಪರಿಮಳ ಕೊಡುವುದು ಶ್ರೀಮಂತಿಕೆಯ ಲಕ್ಷಣವೆಂದು ಹಿಂದಿನಿಂದಲೂ ಎಣಿಸಲಾಗಿದೆ. ಆಚಾರ್ಯರ ಪಟ್ಟಿಯಲ್ಲಿ ಕೇದಗೆ ಬಂದಿರುವುದನ್ನು ಬಲ್ಲವರು ಅದನ್ನು ಬಿಟ್ಟು ಏಲಕ್ಕಿಗೆ ತೃಪ್ತರಾಗುತ್ತಾರೆ.

ಇಂದಿನ ಹಬ್ಬದ ಪುಟಗಳಲ್ಲಿ ಪಾನಕದ ಸ್ಥಾನವನ್ನು ಮಾಕ್‌ಟೇಲ್ ಎಂಬುದು ಆಕ್ರಮಿಸಿದೆ. ಮದ್ಯವಿಲ್ಲವೆಂಬುದೇ ಅದರ ಹೆಚ್ಚಳ. ಗಾಜಿನ ಲೋಟದ ಆಕಾರ, ಅಂಚಿಗೆ ಸಿಕ್ಕಿಸಿದ ನಿಂಬೆಯ ಬಿಲ್ಲೆ, ಪುಡಿಮಾಡಿದ ಮಂಜುಗಡ್ಡೆ, ಕೊನೆಗೆ ಹೆಸರು ಸಹ ಪಾನಗೋಷ್ಠಿಯಿಂದ ಬಂದುದು. ಬಾಳೆಕಾಯಿಯಲ್ಲಿ ಆಲೂಗಡ್ಡೆಯನ್ನು ನೆನೆಯುವಂತೆ ಇಲ್ಲಿ ಶರಬತ್ತಿನಲ್ಲಿ ಮದ್ಯವನ್ನು ನೆನೆಯಲಾಗುತ್ತದೆ. ಮಂಜುಗಡ್ಡೆಯು ಅಭಕ್ಷ್ಯಗಳಲ್ಲಿ ಎಣಿಕೆಯಾಗಿದೆ. ಸೋಸದ ನೀರನ್ನು ಗಟ್ಟಿಗೊಳಿಸಿದ್ದು ಎಂಬುದೇ ಅದರ ವಿರುದ್ಧ ಸಾಕಾದ ಕಾರಣ. ಅದಕ್ಕೆ ಜೇನನ್ನೂ ಹಸಿಶುಂಠಿಯ ರಸವನ್ನೂ ಬೆರೆಸಿ ‘ಆರೋಗ್ಯಕರ’ ಎಂಬ ಪಟ್ಟ ಕಟ್ಟಿದರೆ, ಒಂದೇ ಲೋಟದಲ್ಲಿ ಮೂರು ತ್ಯಾಗಗಳು ಕರಗಿಹೋಗುತ್ತವೆ. ಯಾವ ಪಾನೀಯಕ್ಕೂ ಮೂಲ ನೀರು. ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಸೋಸಿದ ನೀರಿಗೆ 48 ನಿಮಿಷ, ಚೆನ್ನಾಗಿ ಕುದಿಸಿದ ನೀರಿಗೆ 24 ಗಂಟೆ ಎಂಬ ಎಣಿಕೆ ದಿಗಂಬರ ಮನೆಗಳಲ್ಲಿ ನಡೆದುಬಂದಿದೆ. ಶ್ವೇತಾಂಬರರಲ್ಲಿ ಋತುವಿಗೆ ತಕ್ಕಂತೆ ಕುದಿಸಿದ ನೀರಿನ ಕಾಲಮಾನ ಬದಲಾಗುತ್ತದೆ. ಸೋಸಿದ ಮೇಲೆ ಬಟ್ಟೆಯಲ್ಲಿ ಉಳಿದುದನ್ನು ನೀರು ತಂದ ಬಾವಿಗೇ ಮರಳಿ ಬಿಡುತ್ತಿದ್ದ ಹಿರಿಯರ ಎಚ್ಚರ ನಲ್ಲಿಯ ಕಾಲದಲ್ಲಿ ಅಸಾಧ್ಯವಾಗಿದೆ ನಿಜ. ಸೋಸುವುದು ಮಾತ್ರ ಅಸಾಧ್ಯವಾಗಿಲ್ಲ.

ಜೈನ ಪರಂಪರೆಯ ಪಾನೀಯವೊಂದನ್ನು ಹೆಸರಿಸಬೇಕೆಂದರೆ ಅದು ಕಬ್ಬಿನ ಹಾಲು. ಅದರ ಕಥೆ ಜಿನಸೇನಾಚಾರ್ಯರ ಮಹಾಪುರಾಣದಲ್ಲಿಯೂ, ಪಂಪನು 941ರಲ್ಲಿ ರಚಿಸಿದ ‘ಆದಿಪುರಾಣ’ದಲ್ಲಿಯೂ ಬರುತ್ತದೆ. ದೀಕ್ಷೆ ವಹಿಸಿ ಆರು ತಿಂಗಳ ಉಪವಾಸವನ್ನು ಮುಗಿಸಿದ ವೃಷಭಸ್ವಾಮಿಯು ಆಹಾರಕ್ಕಾಗಿ ಊರೂರಿಗೆ ಬಂದಾಗ ಜನರ ಭಕ್ತಿಗೆ ಕೊರತೆಯಿರಲಿಲ್ಲ. ಒಬ್ಬರು ಆನೆಯನ್ನು ತಂದರು, ಒಬ್ಬರು ರತ್ನಗಳನ್ನು ತಂದರು, ವಸ್ತ್ರಾಭರಣಗಳನ್ನು ತಂದರು, ಕನ್ಯೆಯರನ್ನೂ ಒಪ್ಪಿಸಬಂದರು. ಬಂದವನಿಗೆ ಏನು ಬೇಕೆಂಬುದು ಯಾರಿಗೂ ಹೊಳೆಯಲಿಲ್ಲ. ಹೀಗೆ ಮತ್ತೆ ತಿಂಗಳುಗಳು ಕಳೆದ ಮೇಲೆ ಹಸ್ತಿನಾಪುರದಲ್ಲಿ ಶ್ರೇಯಾಂಸಕುಮಾರನಿಗೆ ಪೂರ್ವಜನ್ಮದ ಸ್ಮರಣೆಯಾಗಿ ಆಹಾರದಾನದ ವಿಧಿ ನೆನಪಾಯಿತು; ಅವನು ಇಕ್ಷುರಸವನ್ನು ನೀಡಿದನು. ಆ ದಿನವೇ ಅಕ್ಷಯ ತೃತೀಯೆ. ವರ್ಷೀತಪವನ್ನು ಮುಗಿಸಿದ ಶ್ವೇತಾಂಬರ ತಪಸ್ವಿಗಳು ಇಂದಿಗೂ ಅದೇ ದಿನ ಕಬ್ಬಿನ ಹಾಲಿನಿಂದಲೇ ಪಾರಣೆ ಮಾಡುತ್ತಾರೆ. ವೈಭವವನ್ನು ಹೊತ್ತು ತಂದವರ ನಡುವೆ ಅತಿಥಿಯು ಹಸಿದೇ ಇದ್ದನೆಂಬ ಈ ಕಥೆಯನ್ನು, ಹಬ್ಬದ ಅಡುಗೆಯ ಪುಸ್ತಕ ಬರೆಯುವವರೆಲ್ಲ ಮೊದಲು ಓದಬೇಕು. ಬೀದಿಯ ಗಾಣದಲ್ಲಿ ಕಬ್ಬಿನೊಡನೆ ಹಸಿಶುಂಠಿಯ ತುಂಡನ್ನೂ ಅರೆದು, ಮಂಜುಗಡ್ಡೆಯ ಮೇಲೆ ಸುರಿದುಕೊಡುವ ಲೋಟವನ್ನು ಆ ದಿನ ತರಿಸಿ ಕುಡಿದು ಹಬ್ಬವಾಯಿತೆನ್ನುವವರು ಎರಡನೆಯ ಸಲ ಓದಬಹುದು.

ಇಲ್ಲಿಂದ ಮುಖ್ಯ ಪ್ರಶ್ನೆಗೆ ಬರಬಹುದು. ಪಾಕಗ್ರಂಥವೊಂದು ಪಾತ್ರೆಯೊಳಗೆ ಏನು ಬೀಳಬೇಕೆಂಬುದನ್ನು ಹೇಳುತ್ತದೆ. ಬಡಿಸುವ ಹೊತ್ತು, ಬಡಿಸುವ ಕೈ, ಬಡಿಸುವವನ ಮನಸ್ಸು ಇವು ಅದರ ಹೊರಗೆ ಉಳಿಯುತ್ತವೆ. ಶ್ರಾವಕಧರ್ಮವು ಇವನ್ನೇ ಹೆಚ್ಚಾಗಿ ವಿಚಾರಿಸಿದೆ. ‘ತತ್ತ್ವಾರ್ಥಸೂತ್ರ’ದ ಏಳನೆಯ ಅಧ್ಯಾಯದಲ್ಲಿ ಅತಿಥಿಸಂವಿಭಾಗ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ. ಸಚಿತ್ತ ವಸ್ತುವಿನ ಮೇಲೆ ಆಹಾರವನ್ನಿಡುವುದು, ಸಚಿತ್ತದಿಂದ ಅದನ್ನು ಮುಚ್ಚುವುದು, ದಾನವನ್ನು ಪರರ ಹೆಸರಿಗೆ ದೂಡುವುದು, ಮಾತ್ಸರ್ಯ, ಕಾಲವನ್ನು ಮೀರುವುದು. ಅಲ್ಲಿ ಅತಿಥಿಯೆಂದರೆ ಮುಖ್ಯವಾಗಿ ಮುನಿ, ಸಂಯಮಿ. ಹಬ್ಬಕ್ಕೆ ಬರುವ ಭಾವಮೈದುನನಲ್ಲ. ಆದರೂ ಮುನಿಗೆ ಸಲ್ಲುವ ಎಚ್ಚರದ ಒಂದಂಶವಾದರೂ ಮನೆಗೆ ಬಂದ ಸಾಧರ್ಮಿಗೆ ಸಲ್ಲಬೇಕೆಂದು ಬಯಸಿದರೆ ತಪ್ಪಾಗದು. ಈ ಐದನ್ನು ಅಳತೆಗೋಲಾಗಿ ಹಿಡಿದು ಇಂದಿನ ಹಬ್ಬದ ಔತಣವನ್ನು ನೋಡಿದರೆ, ಮೊದಲ ಎರಡು ಅಷ್ಟಾಗಿ ಬಾಧಿಸುವುದಿಲ್ಲ. ಉಳಿದ ಮೂರು ಎಲ್ಲೆಲ್ಲಿಯೂ ಕಾಣುತ್ತವೆ.

ಪರವ್ಯಪದೇಶವೆಂದರೆ ಕೊಡಬೇಕಾದುದನ್ನು ಬೇರೊಬ್ಬ ದಾತೃವಿನ ಪಾಲಿಗೆ ಬಿಡುವುದು. ಗುತ್ತಿಗೆಯವನಿಗೆ ತಲೆಯೊಂದಕ್ಕೆ ಇಷ್ಟೆಂದು ಹಣ ಕಟ್ಟಿ, ಮನೆಯವರು ಬಾಗಿಲಲ್ಲಿ ನಗುತ್ತ ನಿಂತುಬಿಟ್ಟರೆ, ನೀರು ಸೋಸಿತೇ, ಹಿಟ್ಟು ಹೊಸದೇ ಎಂಬ ಹೊಣೆ ಯಾರದು? ಮಾತ್ಸರ್ಯವನ್ನು ಪೂಜ್ಯಪಾದಾಚಾರ್ಯರು ಎರಡು ರೀತಿಯಾಗಿ ಬಿಡಿಸಿದ್ದಾರೆ: ಕೊಡುವಾಗಲೂ ಆದರವಿಲ್ಲದಿರುವುದು, ಬೇರೆ ದಾತೃವಿನ ಗುಣವನ್ನು ಸಹಿಸದಿರುವುದು. ಹಿಂದಿನ ವರ್ಷ ಬೀಗರ ಮನೆಯಲ್ಲಿ 21 ಬಗೆಯ ತಿನಿಸಿದ್ದರೆ ಈ ವರ್ಷ ಇಲ್ಲಿ 31 ಆಗಬೇಕೆಂಬ ಹಟಕ್ಕೆ ಇದಕ್ಕಿಂತ ಒಳ್ಳೆಯ ವ್ಯಾಖ್ಯಾನ ಸಿಗದು. ಎಲೆಯಲ್ಲಿ ಉಳಿದು ತೊಟ್ಟಿಗೆ ಬೀಳುವ ಅನ್ನ ಆ ಹಟದ ಪಾಲಿನದು. ಆ ಮೂವತ್ತೊಂದಕ್ಕಾಗಿ ನಸುಕಿನಿಂದ ಒಲೆಯ ಮುಂದೆ ನಿಂತ ಸೊಸೆಗೆ ಹಬ್ಬದ ಪೂಜೆಯೂ ತಪ್ಪಿ, ಊಟವೂ ಹೊತ್ತು ಮೀರಿ ದೊರೆಯಿತಾದರೆ, ಆ ಲೆಕ್ಕವನ್ನು ಯಾವ ಖಾತೆಗೆ ಬರೆಯುವುದು?

ಕೊನೆಯದು ಕಾಲಾತಿಕ್ರಮ. ದೀಪಾವಳಿಯ ಹೊತ್ತಿಗೆ ಕರ್ನಾಟಕದಲ್ಲಿ ಸೂರ್ಯಾಸ್ತವು ಆರು ಗಂಟೆಯ ಆಸುಪಾಸಿನಲ್ಲಿ. ಕಟ್ಟುನಿಟ್ಟಾಗಿ ನಡೆಯುವವರು ಅದಕ್ಕೂ ಎರಡು ಘಳಿಗೆ ಮೊದಲೇ ಊಟ ಮುಗಿಸುತ್ತಾರೆ. ಆಮಂತ್ರಣ ಬರುವುದು ಏಳೂವರೆಗೆ. ಕಚೇರಿಯವರು ಬರಬೇಕು, ದೀಪಗಳ ಸೊಬಗು ಕಾಣಬೇಕು ಎಂಬ ಕಾರಣಗಳಿವೆ. ಅವು ಸುಳ್ಳಲ್ಲ. ಆದರೆ ಆ ಹೊತ್ತಿಗೆ, ಜೀವಮಾನವಿಡೀ ರಾತ್ರಿಭೋಜನ ತ್ಯಾಗವನ್ನು ನಡೆಸಿಕೊಂಡು ಬಂದ ಮನೆಯ ಹಿರಿಯರೊಬ್ಬರು ಗೋಡೆಯ ಬದಿಯ ಕುರ್ಚಿಯಲ್ಲಿ ಕುಳಿತಿರುತ್ತಾರೆ. ಬಂದವರೆಲ್ಲ ‘ಏನಾದರೂ ತೆಗೆದುಕೊಳ್ಳಿ’ ಎನ್ನುತ್ತಾರೆ, ಅವರು ಕೈಮುಗಿಯುತ್ತಾರೆ. ಅವರ ಮುಂದೆಯೇ ‘ಜೈನ ಶೈಲಿ’ಯ ಹದಿನೈದು ಭಕ್ಷ್ಯಗಳು ತಟ್ಟೆ ತಟ್ಟೆಯಾಗಿ ದಾಟಿಹೋಗುತ್ತವೆ. ಈ ವ್ರತದ ಸಂದರ್ಭದಲ್ಲಿಯೇ ಸಮಂತಭದ್ರರು ಹೇಳಿದ ಅತಿಚಾರಗಳಲ್ಲಿ ಅನಾದರ, ಅಸ್ಮರಣ ಎಂಬ ಎರಡು ಸೇರಿವೆ. ಅಸ್ಮರಣವೆಂದರೆ ಮರೆವು. ಆ ಕುರ್ಚಿಯ ಮುಂದೆ ನಿಂತವರಿಗೆ ಆ ಪದದ ತೂಕ ತಿಳಿಯುತ್ತದೆ.

ದೀಪಾವಳಿಯು ಜೈನರಿಗೆ ಮುಂಜಾವಿನ ಹಬ್ಬ. ಪಾವಾಪುರಿಯಲ್ಲಿ ವರ್ಧಮಾನ ಸ್ವಾಮಿಯ ನಿರ್ವಾಣವಾದುದು ಅಮಾವಾಸ್ಯೆಯ ನಸುಕಿನಲ್ಲಿ. ಬಸದಿಗಳಲ್ಲಿ ನಿರ್ವಾಣ ಲಾಡುವನ್ನು ಅರ್ಪಿಸುವುದೂ ಬೆಳಗಿನಲ್ಲಿಯೇ. ಆ ಪೂಜೆಯಿಂದ ಮರಳುವಾಗಲೇ ಬಂಧುಗಳನ್ನು ಕರೆತಂದು ಬೆಳಕಿನಲ್ಲಿ ಊಟ ಬಡಿಸಿ, ಸಂಜೆಗೆ ದೀಪಗಳನ್ನಷ್ಟೇ ಉಳಿಸಿಕೊಳ್ಳುವ ಮನೆಗಳು ಇವೆ. ಕಲ್ಯಾಣಮಂಟಪಗಳನ್ನು ನಡೆಸುವ ಬಸದಿಯ ಟ್ರಸ್ಟುಗಳು ಬಾಡಿಗೆಯ ಕರಾರಿನಲ್ಲಿ ಬಡಿಸುವ ವೇಳೆಯ ಒಂದು ಸಾಲನ್ನು ಸೇರಿಸಿದರೆ ವರಮಾನ ಒಂದಿಷ್ಟು ತಗ್ಗಬಹುದು. ಆ ನಷ್ಟವನ್ನು ಆಯವ್ಯಯ ಪತ್ರಿಕೆಯಲ್ಲಿ ಬಹಿರಂಗವಾಗಿ ತೋರಿಸಲು ನಾಚಬೇಕಾದುದಿಲ್ಲ.

ಮಂಗರಸನೇ ಈ ವಿಚಾರದಲ್ಲಿ ಮತ್ತೊಂದು ಸಾಕ್ಷ್ಯವನ್ನು ಬಿಟ್ಟುಹೋಗಿದ್ದಾನೆ. ಅವನು ಕನ್ನಡಕ್ಕೆ ತಂದ ಸಮ್ಯಕ್ತ್ವಕೌಮುದಿಯ ಕಥಾಪರಂಪರೆ ನಡೆಯುವುದು ಒಂದು ಹಬ್ಬದ ರಾತ್ರಿಯಲ್ಲಿ. ಕಾರ್ತಿಕದ ಹುಣ್ಣಿಮೆಯ ಕೌಮುದೀ ಉತ್ಸವ. ಸ್ತ್ರೀಯರೆಲ್ಲ ಉದ್ಯಾನಕ್ಕೆ ಹೋಗಿ ವಿಹರಿಸಬೇಕೆಂಬುದು ಮಧುರೆಯ ರಾಜ ಉದಿತೋದಯನ ಆಜ್ಞೆ. ಅರ್ಹದ್ದಾಸನೆಂಬ ವರ್ತಕನು ಅಷ್ಟಾಹ್ನಿಕದ ವ್ರತದಲ್ಲಿರುವುದರಿಂದ ಅನುಮತಿ ಪಡೆದು, ಎಂಟು ಮಂದಿ ಪತ್ನಿಯರೊಡನೆ ಮನೆಯಲ್ಲಿಯೇ ಪೂಜೆಯಲ್ಲಿ ರಾತ್ರಿಯನ್ನು ಕಳೆಯುತ್ತಾನೆ. ತಮಗೆ ಸಮ್ಯಕ್ತ್ವ ದೊರೆತ ಬಗೆಯನ್ನು ಒಬ್ಬೊಬ್ಬರೂ ಕಥೆಯಾಗಿ ಹೇಳುತ್ತಾರೆ. ಮರೆಯಲ್ಲಿ ನಿಂತ ರಾಜನೂ ಮಂತ್ರಿಯೂ ಆಲಿಸುತ್ತಾರೆ. ಕಿರಿಯವಳಾದ ಕುಂದಲತೆ ಮಾತ್ರ ಪ್ರತಿಯೊಂದು ಕಥೆಗೂ ‘ನಂಬುವುದಿಲ್ಲ’ ಎನ್ನುತ್ತಾಳೆ. ಬೆಳಗಾದ ಮೇಲೆ, ಇಷ್ಟೆಲ್ಲ ಕಂಡು ಕೇಳಿಯೂ ನೀವು ಮನೆಯಲ್ಲಿಯೇ ಉಳಿದಿರಲ್ಲ ಎಂಬುದೇ ತನ್ನ ಅಪನಂಬಿಕೆಗೆ ಕಾರಣವೆಂದು ತಿಳಿಸಿ, ದೀಕ್ಷೆಗೆ ಸಿದ್ಧಳಾಗುವವಳೂ ಅವಳೇ. ಊರೇ ನಲಿಯುತ್ತಿದ್ದ ರಾತ್ರಿ ಒಲೆ ಹೊತ್ತಿಸದೆ ಹಬ್ಬ ನಡೆಸಿದ ಆ ಮನೆಯ ಚಿತ್ರವನ್ನು ಬರೆದ ಕೈಯೇ ಮುಚ್ಚಳರೊಟ್ಟಿಯ ಕೆಂಡದ ಹದವನ್ನೂ ಬರೆದಿದೆ. ಕವಿಗೆ ಇವೆರಡರಲ್ಲಿ ವಿರೋಧ ಕಾಣಲಿಲ್ಲ. ಉಣ್ಣುವ ದಿನ ಚೆನ್ನಾಗಿ ಉಣಿಸುವುದನ್ನೂ, ಉಣ್ಣದ ದಿನ ಉಣ್ಣದಿರುವುದನ್ನೂ ಅವನು ಒಂದೇ ಗೃಹಸ್ಥಜೀವನದ ಭಾಗವಾಗಿ ಕಂಡಿದ್ದಾನೆ. ಸೂಪಶಾಸ್ತ್ರವನ್ನು ಬಿಡಿಯಾಗಿ ಓದಿದವರು ಅವನನ್ನು ಭೋಗಿಯೆಂದು ಭಾವಿಸುವುದು ಇದನ್ನು ಗಮನಿಸದ್ದರಿಂದ.

ಮುಂದೆ ಯಾರಾದರೂ ಸೂಪಶಾಸ್ತ್ರವನ್ನು ಶ್ರಾವಕರ ಮನೆಗಳಿಗಾಗಿ ಸರಳಗನ್ನಡದ ಟಿಪ್ಪಣಿಯೊಡನೆ ಅಚ್ಚುಮಾಡಿಸುವುದಾದರೆ, ಬದನೆಯ ಭಾಗವನ್ನು ಕತ್ತರಿಸದೆ ಮುದ್ರಿಸಬೇಕು. ಕವಿಯ ಕಾಲ ಅವನಿಗೆ, ಓದುಗನ ವ್ರತ ಓದುಗನಿಗೆ. ಒಂದೊಂದು ಪಾಕದ ಪಕ್ಕದಲ್ಲಿ ಅದರ ಮರ್ಯಾದೆಯ ಕಾಲವನ್ನೂ, ಯಾವ ಋತುವಿಗೆ ಅದು ಒಗ್ಗದೆಂಬುದನ್ನೂ ಸೇರಿಸಿದರೆ ಅಡುಗೆಮನೆಯಲ್ಲಿ ನಿಂತವರಿಗೆ ನಿಜವಾದ ಉಪಕಾರವಾದೀತು. ಮಂಡಿಗೆಯ ಪದ್ಯಕ್ಕೆ ಅರ್ಥ ಬರೆಯುವಾಗ ನಿಘಂಟಿನ ಜೊತೆಗೆ ಬೆಳಗಾವಿಯ ಕಡೆ ಇಂದಿಗೂ ಅದನ್ನು ಕೈಯಾರೆ ಹರಡುವ ಹೆಂಗಸರನ್ನು ವಿಚಾರಿಸಬೇಕು. ಕಣಕ ಎಷ್ಟು ಹೊತ್ತು ನೆನೆಯಬೇಕು, ಹಾಳೆ ಹರಿಯದಂತೆ ಮುಂಗೈ ಮೇಲೆ ಹೇಗೆ ಬೀಸಬೇಕು ಎಂಬುದನ್ನು ಅವರು ಬಲ್ಲರು.